ಪತಿ ಬೆಂಗಳೂರಿನಲ್ಲಿ, ಪತ್ನಿ ಮೈಸೂರಿನಲ್ಲಿ: ಮನೆ ಎಲ್ಲಿ ಮಾಡಬೇಕು?

ನೀವು ಕೇಳಿರುವುದನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ನೀವು ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದೀರಿ, ವಾರಕ್ಕೆ ಮೂರು ದಿನ ಕಚೇರಿಗೆ ಹೋಗಲೇಬೇಕು. ನಿಮ್ಮ ಪತ್ನಿ ಮೈಸೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಮಗಳೊಂದಿಗೆ ಮೈಸೂರಿನಲ್ಲಿ ತಮ್ಮ ತಾಯಿಯ ಮನೆಯಲ್ಲಿದ್ದಾರೆ. ಮಗಳು ಬರುವ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಬೇಕು. ಮಂಡ್ಯದಲ್ಲೋ ರಾಮನಗರದಲ್ಲೋ ಮನೆ ಮಾಡಿದರೆ ಇಬ್ಬರಿಗೂ ಸಮನಾಗುತ್ತದೆ ಎಂಬುದು ನಿಮ್ಮ ಯೋಚನೆ. ನಿಮ್ಮ ಸಂಬಳವೇ ಸಾಕಾಗುವುದರಿಂದ ಸೊಸೆ ಕೆಲಸ ಬಿಟ್ಟು ಬೆಂಗಳೂರಿಗೆ ಬರಲಿ ಎಂಬುದು ನಿಮ್ಮ ತಂದೆ ತಾಯಿಯ ಅಭಿಪ್ರಾಯ. ನನ್ನ ಉತ್ತರ ಇವೆರಡೂ ಅಲ್ಲ. ಮನೆ ಮೈಸೂರಿನಲ್ಲೇ ಇರಲಿ, ಓಡಾಟ ನಿಮ್ಮದಾಗಲಿ.

ಇದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಾನು ರಾಷ್ಟ್ರೀಕೃತ ಬ್ಯಾಂಕಿನ ಉದ್ಯೋಗಿ, ಮನೆ ಮೈಸೂರಿನಲ್ಲಿ. ನನ್ನ ಪತಿಯ ಕೆಲಸ ಪೀಣ್ಯದಲ್ಲಿ. ವಿವಾಹಿತ ಮಹಿಳಾ ಉದ್ಯೋಗಿಗಳನ್ನು ಸಾಧ್ಯವಾದಷ್ಟೂ ಪತಿ ಇರುವ ಊರಿಗೆ ಅಥವಾ ಅದರ ಹತ್ತಿರಕ್ಕೆ ನಿಯೋಜಿಸಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ 2014ರಲ್ಲಿ ಸರ್ಕಾರಿ ಬ್ಯಾಂಕುಗಳಿಗೆ ಸೂಚಿಸಿದೆ. ಅದರ ಆಧಾರದ ಮೇಲೆ ನಾನು ಬೆಂಗಳೂರನ್ನು ಕೇಳಬಹುದಿತ್ತು. ಅತ್ತೆಯವರ ಚಿಕಿತ್ಸೆ ಮತ್ತು ಮಗನ ಶಾಲೆ ಎರಡೂ ಮೈಸೂರಿನಲ್ಲಿ ನೆಲೆ ಕಂಡಿದ್ದರಿಂದ, ನಾವಿಬ್ಬರೂ ಕುಳಿತು ಮಾತನಾಡಿ, ಕೇಳುವುದು ಬೇಡವೆಂದು ತೀರ್ಮಾನಿಸಿದೆವು. ನಡುವೆ ಕೆಲವು ವರ್ಷ ನನಗೆ ಮದ್ದೂರು ಶಾಖೆಗೆ ವರ್ಗವಾಗಿ ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ನೀವು ಹೇಳುವ ‘ಮಧ್ಯದ ಊರು’ ಹೇಗಿರುತ್ತದೆಂದು ಅಲ್ಲಿ ಹತ್ತಿರದಿಂದ ನೋಡಿದ್ದೇನೆ.

ಬೆಳಿಗ್ಗೆ ಮೈಸೂರಿನಿಂದ ಹೊರಡುವ ಚಾಮುಂಡಿ ಎಕ್ಸ್‌ಪ್ರೆಸ್ ಕಚೇರಿಗೆ ಹೋಗುವವರ ರೈಲು. ಅದು ಮೈಸೂರಿನಿಂದಲೇ ಹೊರಡುವುದರಿಂದ ಸ್ವಲ್ಪ ಮುಂಚೆ ಹೋದವರಿಗೆ ಕಿಟಕಿ ಪಕ್ಕದ ಸೀಟೇ ಸಿಗುತ್ತದೆ. ಅವರು ತಿಂಡಿಯ ಡಬ್ಬಿ ಬಿಚ್ಚುತ್ತಾರೆ, ಪತ್ರಿಕೆ ಓದುತ್ತಾರೆ, ನಿದ್ದೆಯನ್ನೂ ಮಾಡುತ್ತಾರೆ. ಮಂಡ್ಯ ಬರುವ ಹೊತ್ತಿಗೆ ಬೋಗಿ ತುಂಬಿರುತ್ತದೆ. ಅಲ್ಲಿ ಹತ್ತಿದವರು ಬ್ಯಾಗನ್ನು ಎದೆಗೆ ಅವುಚಿಕೊಂಡು ಬಾಗಿಲ ಬಳಿ ನಿಲ್ಲುತ್ತಾರೆ; ಮದ್ದೂರು, ಚನ್ನಪಟ್ಟಣ, ರಾಮನಗರಗಳಲ್ಲಿ ಇನ್ನಷ್ಟು ಜನ ಹತ್ತುತ್ತಾ ಹೋದಂತೆ, ಬೆಂಗಳೂರಿನವರೆಗೂ ಅವರಿಗೆ ಕೂರಲು ಜಾಗ ಸಿಗುವ ಭರವಸೆಯಿಲ್ಲ. ದೂರದವನು ಕುಳಿತು ಹೋಗುತ್ತಾನೆ, ಹತ್ತಿರದವನು ನಿಂತು ಹೋಗುತ್ತಾನೆ. ನಕ್ಷೆಯಲ್ಲಿ ಉಳಿದಂತೆ ಕಾಣುವ 45 ಕಿಲೋಮೀಟರ್ ಮೈಗೆ ಉಳಿತಾಯವಾಗುವುದಿಲ್ಲ.

ರಸ್ತೆಯ ಲೆಕ್ಕವೂ ಇದೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸುಗಳ ಮೂಲಕ ಹೊರಗಿಟ್ಟಿದೆ. ತಡೆರಹಿತ ಬಸ್ಸುಗಳು ಅದರ ಮೇಲೆಯೇ ಹೋಗುವುದರಿಂದ ಈ ಊರುಗಳವರು ನಿಲ್ಲುತ್ತಾ ಬರುವ ಬಸ್ಸಿಗೇ ಕಾಯಬೇಕು. ಆ ವರ್ಷದ ಆಗಸ್ಟ್‌ನಿಂದ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನಗಳಿಗೂ ಪ್ರವೇಶವಿಲ್ಲ. ಇತ್ತ ನಿಮ್ಮ ಪತ್ನಿಯ ಸ್ಥಿತಿಯನ್ನು ನೋಡಿ: ಇಂದು ತಾಯಿಯ ಮನೆಯಿಂದ ಶಾಲೆಗೆ ಹೋಗುವವರು ಮಂಡ್ಯದಿಂದಾದರೆ ಮೊದಲು ಮೈಸೂರು ತಲುಪಿ, ಅಲ್ಲಿಂದ ಹಳ್ಳಿಯ ಬಸ್ಸು ಹಿಡಿಯಬೇಕು. ಮಗಳು ಶಾಲೆಯಿಂದ ಬರುವ ಹೊತ್ತಿಗೆ ನೀವಿಬ್ಬರೂ ಎರಡು ದಿಕ್ಕಿನ ದಾರಿಗಳಲ್ಲಿರುತ್ತೀರಿ, ಅಜ್ಜಿ ಇನ್ನೊಂದು ಊರಿನಲ್ಲಿರುತ್ತಾರೆ. ಇದನ್ನು ಹೊರೆಯ ಹಂಚಿಕೆ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಒಬ್ಬರ ಹೊರೆಯನ್ನು ಇಬ್ಬರ ಹೊರೆಯನ್ನಾಗಿ ಮಾಡಿ, ಉಳಿದದ್ದನ್ನು ಮಗುವಿನ ಮೇಲೆ ಹಾಕಿದಂತಾಗುತ್ತದೆ.

ಪತ್ನಿ ಆ ಕಡೆಗೆ ವರ್ಗಾವಣೆ ತೆಗೆದುಕೊಂಡರಾಯಿತಲ್ಲ ಎಂದು ನೀವು ಕೇಳಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ, ಮನೆಯವರು ಅದನ್ನು ತಿಳಿದಿರುವುದು ಒಳ್ಳೆಯದು. ಪ್ರೌಢಶಾಲಾ ಶಿಕ್ಷಕರ ಜ್ಯೇಷ್ಠತೆಯನ್ನು ವಿಭಾಗದ ಮಟ್ಟದಲ್ಲಿ, ಅಂದರೆ ಹಲವು ಜಿಲ್ಲೆಗಳನ್ನು ಒಟ್ಟಿಗೆ ಸೇರಿಸಿ, ಲೆಕ್ಕ ಹಾಕುತ್ತಾರೆ. ಮಂಡ್ಯ ಮೈಸೂರು ವಿಭಾಗದಲ್ಲಿದೆ. ರಾಮನಗರವಾಗಲಿ ಬೆಂಗಳೂರಾಗಲಿ ಬೆಂಗಳೂರು ವಿಭಾಗದಲ್ಲಿವೆ. ಕೋರಿಕೆಯ ಮೇಲೆ ವಿಭಾಗದ ಹೊರಗೆ ಹೋದರೆ ಹಿಂದಿನ ಜ್ಯೇಷ್ಠತೆ ಬಿಟ್ಟು ಹೊಸ ಪಟ್ಟಿಯ ಕೊನೆಯಲ್ಲಿ ನಿಲ್ಲಬೇಕಾಗುತ್ತದೆ. ಮುಂದಿನ ಬಡ್ತಿಗೆ ಅದು ದೊಡ್ಡ ಪೆಟ್ಟು. 2020ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆಯ ಪ್ರಕಾರ ವರ್ಗಾವಣೆಗಳಿಗೆ ಮಿತಿಯಿದೆ, ಕೌನ್ಸೆಲಿಂಗ್‌ನಲ್ಲಿ ಖಾಲಿ ಹುದ್ದೆ ತೋರಿಸಿದಲ್ಲಿ ಮಾತ್ರ ಆಯ್ಕೆಯಿದೆ. ಪತಿ-ಪತ್ನಿ ಪ್ರಕರಣದ ಆದ್ಯತೆಯನ್ನು ಹೆಚ್ಚಾಗಿ ಇಬ್ಬರೂ ಸರ್ಕಾರಿ ಅಥವಾ ಅನುದಾನಿತ ಸೇವೆಯಲ್ಲಿರುವವರನ್ನು ಗಮನದಲ್ಲಿಟ್ಟು ರೂಪಿಸಿರುವುದರಿಂದ, ಖಾಸಗಿ ಕಂಪನಿಯ ನಿಮ್ಮ ಗುರುತಿನ ಚೀಟಿಯನ್ನು ನೆಚ್ಚಿಕೊಂಡು ಯೋಜನೆ ಹಾಕಬೇಡಿ.

ಇನ್ನು ಕೆಲಸ ಬಿಡುವ ಮಾತು. ಹಿರಿಯರು ಸಂಬಳದ ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ, ಮತ್ತು ಅದರಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ಅಳೆಯಬೇಕಾದದ್ದು ಯಾರ ಸಂಬಳ ಹೆಚ್ಚು ಎಂಬುದನ್ನಲ್ಲ, ಯಾರ ಕೆಲಸವನ್ನು ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂಬುದನ್ನು. ನೀವು ಒಂದು ಕಂಪನಿ ಬಿಟ್ಟರೆ ಇನ್ನೊಂದಕ್ಕೆ ಅರ್ಜಿ ಹಾಕಬಹುದು. ಕೆಲಸದ ಒಂದು ಭಾಗವನ್ನು ಮೈಸೂರಿನ ಕೋಣೆಯಲ್ಲಿ ಕುಳಿತು ಮಾಡಬಹುದು. ಅವರು ರಾಜೀನಾಮೆ ಕೊಟ್ಟರೆ ಮತ್ತೆ ಅಧಿಸೂಚನೆ ಹೊರಬೀಳಬೇಕು, ವಯೋಮಿತಿ ಮೀರಿರಬಾರದು, ಪರೀಕ್ಷೆ ಪಾಸಾಗಬೇಕು, ಬಂದ ಹುದ್ದೆ ಯಾವ ಜಿಲ್ಲೆಗೋ ಬರಬಹುದು. ಬಿ.ಎಡ್. ಮಾಡಿ, ಸ್ಪರ್ಧೆ ಎದುರಿಸಿ, ಹಳ್ಳಿಯ ಮಕ್ಕಳಿಗೆ ಪಾಠ ಹೇಳುವ ಒಬ್ಬ ಹೆಣ್ಣುಮಗಳ ವೃತ್ತಿಯನ್ನು ‘ನಮಗೆ ಆ ದುಡ್ಡು ಬೇಕಾಗಿಲ್ಲ’ ಎಂಬ ಒಂದು ವಾಕ್ಯದಲ್ಲಿ ಮುಗಿಸುವುದು ನನಗೆ ನಿಜವಾಗಿಯೂ ನೋವುಂಟುಮಾಡುತ್ತದೆ. ಅವರಿಗೆ ಮನೆಯ ಒತ್ತಡ ತಾಳಲಾಗದ ಸಮಯ ಬಂದರೆ ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 2021ರಿಂದ ದೊರೆಯುತ್ತಿರುವ, ಒಟ್ಟು 180 ದಿನಗಳ ಮಕ್ಕಳ ಪಾಲನಾ ರಜೆ ಇದೆ. ರಾಜೀನಾಮೆಯ ಮಾತಿಗೆ ಮೊದಲು ಅದರ ಮಾತು ಬರಲಿ.

ನಿಮ್ಮ ಓಡಾಟವನ್ನು ಹೀಗೆ ಜೋಡಿಸಿಕೊಳ್ಳಬಹುದು. ಕಚೇರಿಯ ಮೂರು ದಿನಗಳು ಮಂಗಳವಾರದಿಂದ ಗುರುವಾರದವರೆಗೆ ಒಟ್ಟಿಗೆ ಬರುವಂತೆ ಕೇಳಿಕೊಳ್ಳಿ. ಮಂಗಳವಾರ ಬೆಳಿಗ್ಗೆ ಚಾಮುಂಡಿಯಲ್ಲಿ ಹೊರಟು ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹಿಡಿದರೆ, 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ಪೂರ್ತಿಯಾಗಿರುವುದರಿಂದ, ಎಲ್ಲೂ ಇಳಿದು ಹತ್ತದೆ ವೈಟ್‌ಫೀಲ್ಡ್ ತಲುಪುತ್ತೀರಿ. ಹತ್ತೂವರೆಯಾದರೂ ಆಗುತ್ತದೆ, ಆ ದಿನದ ಮೊದಲ ಮೀಟಿಂಗ್ ಹನ್ನೊಂದರ ನಂತರವಿರಲಿ. ಗುರುವಾರ ಸಂಜೆ ಅದೇ ರೈಲಿನಲ್ಲಿ ವಾಪಸು. ಉಳಿಯಬೇಕಾದದ್ದು ಎರಡು ರಾತ್ರಿ ಮಾತ್ರ. ಅದಕ್ಕಾಗಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೊಟ್ಟು ಮನೆ ಹಿಡಿಯುವುದು ಬೇಡ. ಕಾಡುಗೋಡಿಯಲ್ಲೋ ಹೂಡಿಯಲ್ಲೋ ಮೆಟ್ರೋ ಸಮೀಪ ಒಂದು ಪಿ.ಜಿ. ಸಾಕು. ಮೈಸೂರಿಗೆ ಹತ್ತಿರವೆಂದು ಕೆಂಗೇರಿಯಲ್ಲಿ ಉಳಿಯುವವರಿದ್ದಾರೆ. ಆಗ ಇಡೀ ಬೆಂಗಳೂರನ್ನು ದಿನಕ್ಕೆರಡು ಸಲ ದಾಟಬೇಕಾಗುತ್ತದೆ. ಎರಡು ಬಾಡಿಗೆ ಕಟ್ಟುವವರು ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಹೊಸ ತೆರಿಗೆ ಪದ್ಧತಿಯಲ್ಲಿಲ್ಲ ಎಂಬುದನ್ನೂ ನೋಡಿಕೊಂಡು, ಯಾವ ಪದ್ಧತಿ ಲಾಭವೆಂದು ಲೆಕ್ಕ ಹಾಕಬೇಕು.

ಇದಕ್ಕಿಂತ ಮುಖ್ಯವಾದದ್ದು, ನೀವು ಮೈಸೂರಿನ ಮನೆಗೆ ವಾರಾಂತ್ಯದ ನೆಂಟರಾಗಬಾರದು. ಮೂರು ದಿನ ಮಗಳನ್ನು ಎಬ್ಬಿಸಿ, ಸಿದ್ಧ ಮಾಡಿ, ತಾನೂ ಶಾಲೆಗೆ ಓಡುವ ಪತ್ನಿ ಶುಕ್ರವಾರವೂ ಅದನ್ನೇ ಮಾಡುತ್ತಿದ್ದು, ನೀವು ಪ್ರಯಾಣದ ದಣಿವೆಂದು ಮಲಗಿದ್ದರೆ ಈ ಏರ್ಪಾಡು ಬಹಳ ದಿನ ಉಳಿಯದು. ಶುಕ್ರವಾರ ಮತ್ತು ಸೋಮವಾರ ಶಾಲೆಗೆ ಬಿಡುವುದು, ಕರೆತರುವುದು, ಸಂಜೆಯ ಹೋಮ್‌ವರ್ಕ್ ನಿಮ್ಮದೆಂದು ಈಗಲೇ ಗೊತ್ತುಮಾಡಿಕೊಳ್ಳಿ. ಶಿಕ್ಷಕರ ಕೆಲಸ ಗಂಟೆ ಹೊಡೆದಾಗ ಮುಗಿಯುತ್ತದೆಂಬ ನಂಬಿಕೆ ನಮ್ಮಲ್ಲಿ ಬಹಳ ಜನರಿಗಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ, ಮೌಲ್ಯಮಾಪನ, ಚುನಾವಣಾ ಕರ್ತವ್ಯ ಎಲ್ಲವೂ ಅವರ ಮೇಲಿವೆ. 2025ರ ದಸರಾ ಸಮಯದಲ್ಲಿ ನಡೆದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಸುತ್ತಿದವರಲ್ಲಿ ಹೆಚ್ಚಿನವರು ಶಿಕ್ಷಕರೇ. ಅಂಥ ವಾರಗಳಲ್ಲಿ ನೀವು ರಜೆ ಹಾಕಬೇಕಾದೀತು. ನನ್ನ ಪತಿ ಅತ್ತೆಯವರ ಆಸ್ಪತ್ರೆಯ ದಿನಗಳನ್ನು ತಮ್ಮ ಕೆಲಸವೆಂದು ಮೊದಲೇ ವಹಿಸಿಕೊಂಡರು. ಅವರು ಊರಿನಲ್ಲಿಲ್ಲದ ದಿನಗಳನ್ನು ನಾನು ಬೇಸರವಿಲ್ಲದೆ ಕಳೆಯುವಂತಾದದ್ದು ಅದರಿಂದಲೇ.

ಕಂಪನಿ ನಾಳೆ ಐದು ದಿನವೂ ಬನ್ನಿ ಎಂದರೆ ಏನು ಎಂಬ ಪ್ರಶ್ನೆ ಉಳಿಯುತ್ತದೆ. ಮೈಸೂರಿನಲ್ಲಿ ಇನ್ಫೋಸಿಸ್‌ನ ದೊಡ್ಡ ಕ್ಯಾಂಪಸ್ ಇದೆ. ‘ಬಿಯಾಂಡ್ ಬೆಂಗಳೂರು’ ಕಾರ್ಯಕ್ರಮದಡಿ ರಾಜ್ಯ ಸರ್ಕಾರ ಇತರ ಕಂಪನಿಗಳನ್ನೂ ಅಲ್ಲಿಗೆ ಕರೆತರಲು ಯತ್ನಿಸುತ್ತಿದೆ. ಆದರೂ ನಿಮ್ಮ ಅನುಭವಕ್ಕೆ ತಕ್ಕ ಕೆಲಸ ಅಲ್ಲಿ ಬೆಂಗಳೂರಿನಷ್ಟು ಸುಲಭವಾಗಿ ಸಿಗುವುದಿಲ್ಲ, ಸಂಬಳ ಕಡಿಮೆಯಾಗಲೂಬಹುದು. ಎಷ್ಟು ಕಡಿಮೆಯಾದರೆ ಒಪ್ಪಬಹುದೆಂದು ಇಬ್ಬರೂ ಈಗಲೇ ಲೆಕ್ಕ ಹಾಕಿಡಿ. ಮೂರು ದಿನದ ವ್ಯವಸ್ಥೆಯ ಬಗ್ಗೆ ಮ್ಯಾನೇಜರರಿಂದ ಒಂದು ಇಮೇಲ್ ಪಡೆಯಿರಿ. ಮಗಳ ದಾಖಲಾತಿ ಮೈಸೂರಿನಲ್ಲಿ ಅಜ್ಜಿಯ ಮನೆಯಿಂದ ನಡೆದು ಹೋಗುವಷ್ಟು ದೂರದ ಶಾಲೆಯಲ್ಲಿ ಆಗಲಿ, ಬಾಡಿಗೆ ಮನೆಯೂ ಅದೇ ಬಡಾವಣೆಯಲ್ಲಿ ಸಿಗಲಿ. ಸ್ವಂತ ಮನೆಗೆ ಸಾಲ ಮಾಡುವುದನ್ನು ಮಾತ್ರ ಈ ಏರ್ಪಾಡಿನಲ್ಲಿ ಒಂದು ಪೂರ್ತಿ ಶಾಲಾ ವರ್ಷ ಕಳೆಯುವವರೆಗೆ ಮುಂದೂಡಿ.