ಹೊಸ ಡ್ರಗ್‌ ಬೆನ್ನು ಹತ್ತಿದ ಇಬ್ಬರು ಖಾಸಗಿ ಪತ್ತೇದಾರರ ಕಥೆ ಬರೆಯುತ್ತಿದ್ದೇನೆ, ಅದರಲ್ಲಿ ಲಂಚ ತಿನ್ನುವ ಪೊಲೀಸರೂ ಇದ್ದಾರೆ. ಬೆಂಗಳೂರಿನಲ್ಲಿ ಇಂಥ ತನಿಖೆ ಹೇಗೆ ನಡೆಯುತ್ತದೆ?

ಜನರ ಪ್ರಾಣ ತೆಗೆಯುವ ಹೊಸ ಡ್ರಗ್, ಇಬ್ಬರು ಖಾಸಗಿ ಪತ್ತೇದಾರರು, ಲಂಚ ತಿನ್ನುವ ಪೊಲೀಸರು. ನಿಮ್ಮ ಕಥೆ ಇದು ಅಲ್ವಾ? ನಾನು ವಕೀಲ. ಡ್ರಗ್ಸ್ ಕೇಸುಗಳಲ್ಲಿ ಆರೋಪಿಗಳ ಪರ ನಿಲ್ಲುತ್ತೇನೆ. ಪೊಲೀಸರ ಕಾಗದಗಳಲ್ಲಿ ಹುಳುಕು ಹುಡುಕುವುದೇ ನನ್ನ ಹೊಟ್ಟೆಪಾಡು.

ಖಾಸಗಿ ಪತ್ತೇದಾರರನ್ನು ಕೈಬಿಡಿ. ಅವರಿಗೆ ಇನ್ನೊಬ್ಬರ ಜೇಬು ತಡಕುವ ಅಧಿಕಾರವೂ ಇಲ್ಲ. ಬೆಂಗಳೂರು ಪೊಲೀಸರ ಕೇಂದ್ರ ಅಪರಾಧ ವಿಭಾಗ, ಅಂದರೆ ಸಿಸಿಬಿಯ ಮಾದಕ ದ್ರವ್ಯ ನಿಗ್ರಹ ದಳದ ಇನ್ಸ್‌ಪೆಕ್ಟರ್ ಒಬ್ಬರನ್ನು ತನ್ನಿ.

ಮೊದಲ ಸುಳಿವು ಆಸ್ಪತ್ರೆಯಿಂದ ಬರಲಿ. ಪ್ರಜ್ಞೆ ಇಲ್ಲದ ಹುಡುಗನನ್ನು ರಾತ್ರಿ ಯಾರೋ ಬಿಟ್ಟು ಓಡುತ್ತಾರೆ. ವೈದ್ಯರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸು ಅನ್ನುವ ವೈದ್ಯಕೀಯ ದಾಖಲೆ) ಬರೆದು ಠಾಣೆಗೆ ತಿಳಿಸುತ್ತಾರೆ. ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಹೊಸ ರಾಸಾಯನಿಕ ಸಿಗದೇ ಹೋಗಬಹುದು. ಹುಡುಗನ ಬಳಿ ಸಿಕ್ಕ ಪುಡಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ, ಅಂದರೆ ಎಫ್‌ಎಸ್‌ಎಲ್‌ಗೆ ಹೋಗುತ್ತದೆ. ಅಲ್ಲೂ ಹೋಲಿಸಿ ನೋಡಲು ಅದೇ ವಸ್ತುವಿನ ಶುದ್ಧ ಮಾದರಿ ಬೇಕು. ಇನ್ನೂ ದೊಡ್ಡ ತಲೆನೋವು ಕಾನೂನಿನದ್ದು. ಎನ್‌ಡಿಪಿಎಸ್ (ಮಾದಕ ದ್ರವ್ಯ ನಿಯಂತ್ರಣ) ಕಾಯ್ದೆಯ ಪಟ್ಟಿಯಲ್ಲಿ ಹೆಸರಿಲ್ಲದ ವಸ್ತುವಿಗೆ ಆ ಕಾಯ್ದೆಯಡಿ ಕೇಸ್ ನಿಲ್ಲುವುದು ಕಷ್ಟ. 'ಮಿಯಾಂವ್ ಮಿಯಾಂವ್' ಅಂತ ಕರೆಯುವ ಮೆಫೆಡ್ರೋನ್ ಆ ಪಟ್ಟಿಗೆ ಸೇರಿದ್ದು 2015ರಲ್ಲಿ. ಕಾಯ್ದೆ ಬಂದದ್ದು 1985ರಲ್ಲಿ! ಪೆಡ್ಲರ್ ಕಣ್ಣೆದುರೇ ಇದ್ದಾನೆ, ಆದರೆ ಅವನು ಮಾರುವುದು ಇನ್ನೂ ಅಪರಾಧದ ಪಟ್ಟಿಯಲ್ಲೇ ಇಲ್ಲ. ನಾನಾದರೆ ಇಡೀ ಕಥೆಯನ್ನು ಇದರ ಮೇಲೇ ಕಟ್ಟುತ್ತಿದ್ದೆ.

ಇನ್ನು ಲಂಚ. ಸೂಟ್‌ಕೇಸ್ ತುಂಬ ಹಣ ಕೈ ಬದಲಾಯಿಸುವ ದೃಶ್ಯ ದಯವಿಟ್ಟು ಬೇಡ. ಆಟ ನಡೆಸಬೇಕಾದ ಜಾಗ ತಕ್ಕಡಿ. ಎಂಡಿಎಂಎ (ಎಕ್ಸ್‌ಟಸಿ) ಅನ್ನುವ ಡ್ರಗ್‌ನಲ್ಲಿ ಅರ್ಧ ಗ್ರಾಂವರೆಗೆ ಸಣ್ಣ ಪ್ರಮಾಣ, 10 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ ಜೈಲು, ಜಾಮೀನು ಬಹಳ ಕಷ್ಟ. ಅದಕ್ಕಿಂತ ಕಡಿಮೆ ಆದರೆ ಜಾಮೀನಿನ ದಾರಿ ಸುಮಾರಾಗಿ ತೆರೆದಿರುತ್ತದೆ. ಅಂದರೆ ಮಹಜರಿನಲ್ಲಿ 11 ಗ್ರಾಂ ಬದಲು 9 ಗ್ರಾಂ ಅಂತ ಬರೆದರೆ ಒಬ್ಬನ ಜೀವನವೇ ಬದಲಾಗುತ್ತದೆ. ಉಳಿದ ಎರಡು ಗ್ರಾಂ ಎಲ್ಲಿ ಹೋಯಿತು? ಅದನ್ನು ನೀವೇ ಬರೆಯಿರಿ. ಅಂದ ಹಾಗೆ, ಬೆರೆಸಿದ ಪುಡಿಯೂ ಸೇರಿದ ಒಟ್ಟು ತೂಕವೇ ಲೆಕ್ಕ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಗ್ಲೂಕೋಸ್ ಬೆರೆಸಿ ಜಾಸ್ತಿ ದುಡ್ಡು ಮಾಡುವ ಪೆಡ್ಲರ್, ತನ್ನ ಶಿಕ್ಷೆಯನ್ನೂ ತಾನೇ ಜಾಸ್ತಿ ಮಾಡಿಕೊಂಡಿರುತ್ತಾನೆ.

ಪೊಲೀಸರೇ ಇದರಲ್ಲಿ ಇಳಿಯುವುದು ಅತಿಯಾಯಿತು ಅನ್ನಿಸೀತು ಅಂತ ಹೆದರಬೇಡಿ. 2022ರ ಜನವರಿಯಲ್ಲಿ ಮುಖ್ಯಮಂತ್ರಿ ಮನೆಯ ಕಾವಲಿಗಿದ್ದ ಇಬ್ಬರು ಕಾನ್ಸ್‌ಟೇಬಲ್‌ಗಳೇ ಗಾಂಜಾ ಕೇಸಿನಲ್ಲಿ ಬಂಧನಕ್ಕೊಳಗಾಗಿದ್ದರು.

ಮಾಲು ಬರುವ ದಾರಿಗೆ ಕಾಡು, ಹಡಗು ಎಲ್ಲಾ ಬೇಕಿಲ್ಲ. ಡಾರ್ಕ್‌ವೆಬ್‌ನಲ್ಲಿ ಆರ್ಡರ್, ವಿದೇಶದಿಂದ ಅಂಚೆ ಪಾರ್ಸೆಲ್. ಚಾಮರಾಜಪೇಟೆಯ ವಿದೇಶಿ ಅಂಚೆ ಕಚೇರಿಯಲ್ಲಿ ಒಂದು ದೃಶ್ಯ ಇಡಿ. ಕೊಡುವವನೂ ಕೊಳ್ಳುವವನೂ ಮುಖ ನೋಡುವುದಿಲ್ಲ. ಪೊಟ್ಟಣವನ್ನು ಎಲ್ಲೋ ಬಚ್ಚಿಟ್ಟು, ಲೊಕೇಶನ್ ಕಳಿಸಿದರೆ ಮುಗೀತು.

ಕೊನೆಗೆ ಕೋರ್ಟ್. ಆರೋಪಿಯ ಮೈ ತಡಕುವ ಮೊದಲು, 'ಗೆಜೆಟೆಡ್ ಅಧಿಕಾರಿ ಇಲ್ಲವೇ ಮ್ಯಾಜಿಸ್ಟ್ರೇಟ್ ಮುಂದೆ ತಪಾಸಣೆ ಕೇಳುವ ಹಕ್ಕು ನಿನಗಿದೆ' ಅಂತ ತಿಳಿಸಲೇಬೇಕು. ಇದು ಎನ್‌ಡಿಪಿಎಸ್ ಕಾಯ್ದೆಯ 50ನೇ ಕಲಂ. ಬ್ಯಾಗಿನಲ್ಲಿ ಸಿಕ್ಕರೆ ಈ ನಿಯಮ ಇಲ್ಲ. ಹಾಗಾಗಿ ಮಾಲು ನಿಮ್ಮ ಖಳನಾಯಕನ ಜೇಬಿನಲ್ಲೇ ಸಿಗಲಿ, ಇನ್ಸ್‌ಪೆಕ್ಟರ್ ಆತುರದಲ್ಲಿ ಆ ಮಾತು ಹೇಳದೆ ಕೈ ಹಾಕಲಿ. ಮಿಕ್ಕಿದ್ದನ್ನು ನನ್ನಂಥ ವಕೀಲ ನೋಡಿಕೊಳ್ಳುತ್ತಾನೆ.