ಎಲ್ಕ್ ಕೈಮಾ: ಮೊದಲು ಕೊಬ್ಬಿನ ವಿಚಾರ ಕೇಳಿ

ಅಕ್ಟೋಬರ್ ಬಂತು ಅಂದರೆ ಅಮೆರಿಕದ ಕೊಲೊರಾಡೊ, ವಯೋಮಿಂಗ್, ಮೊಂಟಾನಾ ಕಡೆಯ ಓದುಗರಿಂದ ಎಲ್ಕ್ (ಇಲ್ಲಿನ ದೊಡ್ಡ ಜಾತಿಯ ಜಿಂಕೆ) ಮಾಂಸದ ಪತ್ರಗಳು ಶುರುವಾಗುತ್ತವೆ. ಬೇಟೆಗೆ ಹೋಗಿಬಂದ ನೆರೆಯವರೋ ಆಫೀಸಿನವರೋ ಪ್ರೀತಿಯಿಂದ ಒಂದು ಪೊಟ್ಟಣ ಕೈಮಾ ಕೊಟ್ಟಿರುತ್ತಾರೆ. ತಿನ್ನಬಹುದಾ, ಹೇಗೆ ಬೇಯಿಸೋದು, ಮೈಗೆ ಒಳ್ಳೆಯದಾ ಅಂತ ಕೇಳುತ್ತಾರೆ. ನಾನು ಡಯಟೀಷಿಯನ್. ಮನೆಯಲ್ಲಿ ಪ್ರತಿ ಚಳಿಗಾಲ ಎಲ್ಕ್ ಬೇಯಿಸುವವಳು. ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ಮೇಡಂ, ನಮ್ಮ ಯಜಮಾನರ ಆಫೀಸಿನವರು ಬಿಳಿ ಪೇಪರ್ ಸುತ್ತಿದ ಎಲ್ಕ್ ಕೈಮಾ ಕೊಟ್ಟಿದ್ದಾರೆ. ಮೇಲೆ 'ಮಾರಾಟಕ್ಕಲ್ಲ' ಅಂತ ಮುದ್ರೆ ಇದೆ. ನಾವು ಚಿಕನ್, ಮಟನ್ ತಿನ್ನುತ್ತೇವೆ. ದನದ ಮಾಂಸ, ಹಂದಿ ಮಾಂಸ ಮುಟ್ಟುವುದಿಲ್ಲ. ಇದನ್ನು ತಿನ್ನಬಹುದಾ? — ಓದುಗಿ, ಡೆನ್ವರ್

ಉತ್ತರ: ಎಲ್ಕ್ ದನದ ಜಾತಿಯಲ್ಲ. ಜಿಂಕೆ, ಕಡವೆಗಳ ಬಳಗದ್ದು. ಸೆಪ್ಟೆಂಬರ್‌ನಲ್ಲಿ ಎಸ್ಟೆಸ್ ಪಾರ್ಕ್ ಕಡೆ ಹೋಗಿದ್ದರೆ ದೊಡ್ಡ ಕೊಂಬಿನ ಗಂಡುಗಳು ಕೂಗುವುದನ್ನು ನೀವೇ ಕೇಳಿರುತ್ತೀರಿ. ಆ ಮುದ್ರೆಗೂ ಹೆದರಬೇಕಿಲ್ಲ. ಬೇಟೆಯ ಮಾಂಸವನ್ನು ಮಾರುವಂತಿಲ್ಲ, ಅದಕ್ಕೇ ಹಾಗೆ ಹಾಕಿರುತ್ತಾರೆ.

ಆದರೆ ನೀವು ಕೇಳಲೇಬೇಕಾದ ಮಾತೊಂದಿದೆ: ಇದಕ್ಕೆ ಯಾವ ಕೊಬ್ಬು ಬೆರೆಸಿದ್ದಾರೆ? ಎಲ್ಕ್ ಮಾಂಸಖಂಡದಲ್ಲಿ ಕೊಬ್ಬು ತೀರಾ ಕಮ್ಮಿ. ಅದರ ಮೈಮೇಲಿನ ಕೊಬ್ಬು ಮೇಣದ ಹಾಗೆ, ಆರಿದ ಕೂಡಲೇ ಅಂಗುಳಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಅದನ್ನು ಕೆತ್ತಿ ಬಿಸಾಡುತ್ತಾರೆ. ಬರೀ ಕೆಂಪು ಮಾಂಸ ಅರೆದರೆ ಬರ್ಗರ್ ಉದುರುತ್ತದೆ ಅಂತ, ಬೇಟೆಯ ಮಾಂಸ ಕತ್ತರಿಸಿ ಅರೆದುಕೊಡುವ ಪ್ರೊಸೆಸಿಂಗ್ ಅಂಗಡಿಗಳಲ್ಲಿ ದನದ ಕೊಬ್ಬನ್ನೋ ಹಂದಿ ಕೊಬ್ಬನ್ನೋ ಶೇಕಡಾ 10ರಿಂದ 20ರವರೆಗೆ ಸೇರಿಸುವುದು ಇಲ್ಲಿ ಮಾಮೂಲು. ಪೊಟ್ಟಣದ ಮೇಲೆ ಬರೀ 'ಎಲ್ಕ್' ಅಂತ ಇದ್ದರೂ ಒಳಗೆ ಅದು ಇರಬಹುದು.

ಬಿಚ್ಚಿ ನೋಡಿ. ಉದ್ದಕ್ಕೂ ಕಡುಗೆಂಪಾಗಿದ್ದು ಬಿಳಿ ಚುಕ್ಕೆಗಳೇ ಇಲ್ಲದಿದ್ದರೆ ಬಹುಶಃ ಬರೀ ಎಲ್ಕ್. ಚುಕ್ಕೆ ಜಾಸ್ತಿ ಇದ್ದರೆ ಏನೋ ಬೆರೆತಿದೆ. ಅದು ದನದ್ದೋ ಹಂದಿಯದೋ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಕೊಟ್ಟವರನ್ನೇ ಕೇಳಿಬಿಡಿ, ಸಂಕೋಚ ಬೇಡ. ಅರೆಯಲು ಕೊಡುವಾಗ ಅಂಗಡಿಯವರು ಅವರನ್ನೂ ಇದೇ ಕೇಳಿರುತ್ತಾರೆ. ಅಂಗಡಿಯಲ್ಲಿ ಕೊಳ್ಳುವುದಾದರೆ ಪ್ಯಾಕೆಟ್ ಹಿಂದೆ ಸಾಮಗ್ರಿ ಪಟ್ಟಿ ಓದಿ. ಕೊಬ್ಬು ಸೇರಿಸಿದ್ದರೆ ಅಲ್ಲಿ ಇರಬೇಕು.

ಪ್ರಶ್ನೆ: ನನಗೆ 54 ವರ್ಷ. ಕೊಲೆಸ್ಟರಾಲ್ ಜಾಸ್ತಿ ಇದೆ. ಡಾಕ್ಟರು ಕೆಂಪು ಮಾಂಸ ಕಮ್ಮಿ ಮಾಡಿ ಅಂದಿದ್ದಾರೆ. ಎಲ್ಕ್ ಆದರೆ ಪರವಾಗಿಲ್ಲ, ಕೊಬ್ಬೇ ಇಲ್ಲ ಅಂತ ಗೆಳೆಯರು ಹೇಳುತ್ತಾರೆ. ನಿಜವೇ? — ಓದುಗರು, ಸಾಲ್ಟ್ ಲೇಕ್ ಸಿಟಿ

ಉತ್ತರ: ಅರ್ಧ ನಿಜ ಸರ್. ನಿಮ್ಮ ಗೆಳೆಯರು ಇಡೀ ತುಂಡಿನ ಲೆಕ್ಕ ಹೇಳುತ್ತಿದ್ದಾರೆ, ನೀವು ತಿನ್ನಲು ಹೊರಟಿರುವುದು ಕೈಮಾ.

ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ನೋಡಿ. ರೋಸ್ಟ್ ಮಾಡಿದ ಎಲ್ಕ್ ತುಂಡು 100 ಗ್ರಾಂನಲ್ಲಿ ಸುಮಾರು 146 ಕ್ಯಾಲೊರಿ, 30 ಗ್ರಾಂ ಪ್ರೋಟೀನ್, ಕೊಬ್ಬು ಬರೀ 2 ಗ್ರಾಂ. ಅದೇ ಎಲ್ಕ್ ಕೈಮಾ ಬೇಯಿಸಿದ್ದು 100 ಗ್ರಾಂನಲ್ಲಿ 193 ಕ್ಯಾಲೊರಿ, 27 ಗ್ರಾಂ ಪ್ರೋಟೀನ್, ಸುಮಾರು 9 ಗ್ರಾಂ ಕೊಬ್ಬು. ಪ್ರಾಣಿ ಒಂದೇ, ಕೊಬ್ಬು ನಾಲ್ಕು ಪಟ್ಟಿಗೂ ಜಾಸ್ತಿ! ಆದರೂ ಬೀಫ್ ಕೈಮಾಕ್ಕಿಂತ ಇದು ಎಷ್ಟೋ ವಾಸಿ. ಅಂಗಡಿಯ 80/20 ಬೀಫ್ ಹಸಿಯಾಗಿ 100 ಗ್ರಾಂನಲ್ಲಿ 20 ಗ್ರಾಂ ಕೊಬ್ಬು, 254 ಕ್ಯಾಲೊರಿ. ಹಸಿ ಎಲ್ಕ್ ಕೈಮಾದಲ್ಲಿ 9 ಗ್ರಾಂ, 172 ಕ್ಯಾಲೊರಿ.

ಇನ್ನು ಕೊಲೆಸ್ಟರಾಲ್. ಬೆಂದ ಎಲ್ಕ್ ತುಂಡಿನಲ್ಲಿ 73 ಮಿಲಿಗ್ರಾಂ, ಕೈಮಾದಲ್ಲಿ 78. ಹೆಚ್ಚುಕಮ್ಮಿ ಒಂದೇ. ನಿಮ್ಮ ರಕ್ತದ ಕೊಲೆಸ್ಟರಾಲ್ ಏರಿಸುವುದರಲ್ಲಿ ಮುಖ್ಯ ಪಾತ್ರ ಸ್ಯಾಚುರೇಟೆಡ್ ಕೊಬ್ಬಿನದು. 100 ಗ್ರಾಂ ಬೆಂದ ಕೈಮಾದಲ್ಲಿ ಅದು 4 ಗ್ರಾಂ ಆಸುಪಾಸು. ಕೊಲೆಸ್ಟರಾಲ್ ಇಳಿಸಬೇಕಾದವರಿಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುವ ಮಿತಿ ಒಟ್ಟು ಕ್ಯಾಲೊರಿಯ ಶೇಕಡಾ 6. ಅಂದರೆ 2,000 ಕ್ಯಾಲೊರಿ ತಿನ್ನುವವರಿಗೆ ದಿನಕ್ಕೆ 13 ಗ್ರಾಂ. ನಿಮ್ಮ ಬರ್ಗರ್ ಮೇಲೆ ಒಂದು ಹಾಳೆ ಚೀಸ್ ಇಟ್ಟರೆ ಎಲ್ಕ್ ಉಳಿಸಿಕೊಟ್ಟದ್ದು ಅಲ್ಲೇ ಹೋಯಿತು.

ಎಲ್ಕ್ ಕೂಡ ಕೆಂಪು ಮಾಂಸವೇ, ಡಾಕ್ಟರ ಮಾತು ಇದಕ್ಕೂ ಅನ್ವಯಿಸುತ್ತದೆ. ಆಸೆಯಾದಾಗ ಬೆಂದ ಮೇಲೆ 85 ಗ್ರಾಂ ಬರುವಷ್ಟು ಮಾಡಿಕೊಳ್ಳಿ. ಕೊಬ್ಬು ಸೇರಿಸದೆ ಅರೆದುಕೊಡಿ ಅಂತ ಕೇಳಿ ತನ್ನಿ. ಬೀನ್ಸ್ ಹಾಕಿ ಚಿಲ್ಲಿ (ಇಲ್ಲಿನ ಗಟ್ಟಿ ಮಾಂಸದ ಸಾರು) ಮಾಡಿದರೆ ಸ್ವಲ್ಪ ಮಾಂಸದಲ್ಲೇ ಹೊಟ್ಟೆ ತುಂಬುತ್ತದೆ. ಹಾಗೆ ತಿಂದರೆ ಇದು ನಿಜಕ್ಕೂ ಒಳ್ಳೆಯ ಆಹಾರ. 100 ಗ್ರಾಂನಲ್ಲಿ 3 ಮಿಲಿಗ್ರಾಂಗೂ ಮೇಲ್ಪಟ್ಟು ಕಬ್ಬಿಣಾಂಶ ಇದೆ, ಅದರಲ್ಲೂ ಮೈ ಸುಲಭವಾಗಿ ಹೀರಿಕೊಳ್ಳುವ ಬಗೆಯದು ಸಾಕಷ್ಟಿದೆ. ಸತು 6 ಮಿಲಿಗ್ರಾಂ ದಾಟುತ್ತದೆ. ವಿಟಮಿನ್ ಬಿ12 ದೊಡ್ಡವರಿಗೆ ಒಂದು ದಿನಕ್ಕೆ ಬೇಕಾದಷ್ಟು ಸಿಗುತ್ತದೆ.

ಪ್ರಶ್ನೆ: ಆಂಟಿ, ನಾನು ಇಲ್ಲಿ ಎಂ.ಎಸ್. ಓದುತ್ತಿದ್ದೇನೆ. ರೂಮ್‌ಮೇಟ್ ತಂದೆ ಫ್ರೀಜರ್ ತುಂಬ ಎಲ್ಕ್ ಕೈಮಾ ಕಳಿಸಿದ್ದಾರೆ. ಬರ್ಗರ್ ಮಾಡಿದರೆ ಒಡೆದುಹೋಗುತ್ತೆ, ಇಲ್ಲಾ ಕಲ್ಲಾಗುತ್ತೆ. ಏನು ಮಾಡಲಿ? — ಓದುಗ, ಫೋರ್ಟ್ ಕಾಲಿನ್ಸ್

ಉತ್ತರ: ನೋಡಪ್ಪ, ಬೀಫ್ ಬರ್ಗರ್ ಮಾಡುವ ವಿಧಾನವನ್ನೇ ಇದಕ್ಕೂ ಹಿಡಿದರೆ ಹೀಗೇ ಆಗುವುದು. ಬೀಫ್‌ನಲ್ಲಿ ಕೊಬ್ಬು ಕರಗಿ ಮಾಂಸವನ್ನು ಮೆತ್ತಗಿಡುತ್ತದೆ. ನಿನ್ನ ಪೊಟ್ಟಣದಲ್ಲಿ ಬಹುಶಃ ಆ ಕೊಬ್ಬು ಸಾಕಷ್ಟಿಲ್ಲ. ಅದರ ಕೆಲಸವನ್ನು ಬೇರೆ ಯಾವುದಾದರೂ ಮಾಡಬೇಕಲ್ವಾ?

ಹಿಂದಿನ ದಿನವೇ ಪೊಟ್ಟಣವನ್ನು ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸು. ಅಡುಗೆಕಟ್ಟೆ ಮೇಲಿಟ್ಟು ಕರಗಿಸಬೇಡ. ಒಂದು ಪೌಂಡ್ ಮಾಂಸಕ್ಕೆ ಒಂದು ಹಾಳೆ ಬ್ರೆಡ್ ತಗೊಂಡು ಎರಡು ಮೂರು ಚಮಚ ಹಾಲಿನಲ್ಲಿ ನೆನೆಸಿ ಕಿವುಚು. ಅದಕ್ಕೆ ತುರಿದ ಈರುಳ್ಳಿ ಸ್ವಲ್ಪ, ಮೆಣಸಿನ ಪುಡಿ. ಎರಡು ದೊಡ್ಡ ಚಮಚದಷ್ಟು ಬೆಣ್ಣೆಯನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಕ್ಯಾರೆಟ್ ತುರಿಯುವ ಮಣೆಯಲ್ಲೇ ತುರಿದು ಉದುರಿಸು. ಬೆಣ್ಣೆ ತಣ್ಣಗಿದ್ದರೆ ಕೈಗೆ ಅಂಟದೆ ಮಾಂಸದ ಸಂದಿಯಲ್ಲಿ ಉಳಿಯುತ್ತದೆ, ಬಾಣಲೆಯಲ್ಲಿ ಕರಗುತ್ತದೆ. ಇಷ್ಟನ್ನೂ ಬೆರಳ ತುದಿಯಲ್ಲಿ ಕೂಡಿಸು. ಚಪಾತಿ ಹಿಟ್ಟಿನ ಹಾಗೆ ನಾದಬೇಡ.

ಉಪ್ಪು ಮಾತ್ರ ಒಳಗೆ ಹಾಕಬೇಡ. ಉಪ್ಪು ಬಿದ್ದ ಮಾಂಸವನ್ನು ನಾದಿದಷ್ಟೂ ಅದರ ಪ್ರೋಟೀನ್ ಕರಗಿ ಅಂಟಾಗುತ್ತದೆ, ಬೆಂದಾಗ ರಬ್ಬರಿನಂತೆ ಬಿಗಿಯುತ್ತದೆ. ನೀನು ಹೇಳುವ 'ಕಲ್ಲು' ಬಹುಶಃ ಅದೇ. ಬಿಲ್ಲೆ ತಟ್ಟಿ, ನಡುವೆ ಹೆಬ್ಬೆರಳಿನಲ್ಲಿ ಸಣ್ಣ ಗುಳಿ ಮಾಡು. ಬೇಯುವಾಗ ಉಬ್ಬಿ ಸಮಕ್ಕೆ ಬರುತ್ತದೆ. ಬಾಣಲೆಗೆ ಹಾಕುವ ಹೊತ್ತಿಗೆ ಎರಡೂ ಬದಿಗೆ ಉಪ್ಪು ಉದುರಿಸು.

ಬಾಣಲೆ ಕಾದು ಎಣ್ಣೆ ಬಿಟ್ಟ ಮೇಲೇ ಮಾಂಸ ಇಡು. ಮೊದಲು ಹಿಡಿದುಕೊಂಡಂತೆ ಇರುತ್ತದೆ. ಕೆರೆದು ಎಬ್ಬಿಸಲು ಹೋಗಬೇಡ, ಸುಮ್ನೆ ಬಿಡು. ಅಡಿ ಕಂದಾದ ಮೇಲೆ ತಾನಾಗೇ ಬಿಟ್ಟುಕೊಳ್ಳುತ್ತದೆ. ಆಗ ಒಂದೇ ಸಲ ಮಗುಚು. ಸೌಟಿನಿಂದ ಒತ್ತಬೇಡ. ಇರುವ ನಾಲ್ಕು ಹನಿ ರಸವೂ ಚುರ್ ಅಂತ ಆವಿಯಾಗಿ ಹೋಗುತ್ತದೆ.

ಇನ್ನು, ಬೆಂದಿದೆಯಾ ಅಂತ ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಒಳಗೆ ಕಂದಾಗಿ ಕಂಡರೂ ಬೆಂದಿರದೇ ಇರಬಹುದು. ಬೆಂದಿದ್ದರೂ ಗುಲಾಬಿ ಬಣ್ಣ ಉಳಿದಿರಬಹುದು. ಒಂದು ಥರ್ಮಾಮೀಟರ್ ತಗೋ, ಬಿಲ್ಲೆಯ ಪಕ್ಕದಿಂದ ನಡುವಿನವರೆಗೆ ಚುಚ್ಚು. 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 71 ಸೆಲ್ಸಿಯಸ್ ಬರಬೇಕು. ಇಡೀ ತುಂಡಿನಲ್ಲಿ ಕ್ರಿಮಿಗಳು ಸಾಮಾನ್ಯವಾಗಿ ಹೊರಮೈ ಮೇಲಿರುತ್ತವೆ. ಅರೆದಾಗ ಅವು ಒಳಗೂ ಸೇರುತ್ತವೆ. ಅದಕ್ಕೇ ಸ್ಟೀಕ್ 145ಕ್ಕೆ ಸಾಕು, ಕೈಮಾಗೆ ಸಾಲದು. ಹಾಗಂತ 160 ದಾಟಿ 180ಕ್ಕೆ ಬಿಟ್ಟರೆ ನನ್ನ ಬ್ರೆಡ್ಡು ಬೆಣ್ಣೆ ಯಾವುದೂ ಕಾಪಾಡುವುದಿಲ್ಲ. 155 ಕಂಡ ಕೂಡಲೇ ಉರಿ ತಗ್ಗಿಸಿ ಪಕ್ಕದಲ್ಲೇ ನಿಂತಿರು.

ಬರ್ಗರ್ ಬೇಜಾರಾದ ದಿನ ಚಿಲ್ಲಿ ಮಾಡು, ಟಾಕೊ ಮಾಡು. ಕೈಮಾ ಹುರಿಯುವಾಗ ಮೊದಲು ನೀರು ಬಿಡುತ್ತದೆ, ಬಾಣಲೆಯಲ್ಲಿ ಬೂದು ಬಣ್ಣದ ಗೊಜ್ಜಿನಂತೆ ಕುದಿಯುತ್ತದೆ. ಜನ ಅಲ್ಲೇ ನಿಲ್ಲಿಸಿಬಿಡುತ್ತಾರೆ. ನೀನು ನಿಲ್ಲಿಸಬೇಡ. ನೀರು ಇಂಗಿ ಕೊತಕೊತ ಹೋಗಿ ಚಟಪಟ ಸದ್ದು ಬರಬೇಕು, ಅಡಿ ಕಂದು ಹಿಡಿಯಬೇಕು. ರುಚಿ ಅಲ್ಲಿಂದಲೇ ಶುರು. ಬೀಫ್‌ನ ಹಾಗೆ ಕೊಬ್ಬು ಬಸಿಯುವ ಕೆಲಸ ಇಲ್ಲ. ಟೊಮೆಟೊ, ಜೀರಿಗೆ, ಒಣಮೆಣಸಿನ ಪುಡಿ, ಬೆಂದ ಬೀನ್ಸ್ ಹಾಕಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬಿಡು.

ಪ್ರಶ್ನೆ: ನನ್ನ ತಂಗಿಗೆ ಐದನೇ ತಿಂಗಳು. ರಕ್ತ ಕಮ್ಮಿ ಇದೆ, ಎಲ್ಕ್ ತಿಂದರೆ ಒಳ್ಳೆಯದು ಅಂತ ಪಕ್ಕದ ಮನೆಯವರು ಕೈಮಾ ಕೊಟ್ಟಿದ್ದಾರೆ. ಕೊಡಲಾ? — ಓದುಗಿ, ಲ್ಯಾರಮಿ

ಉತ್ತರ: ಅಕ್ಕಾ, ಆ ಪೊಟ್ಟಣವನ್ನು ಸದ್ಯಕ್ಕೆ ಫ್ರೀಜರ್‌ನಲ್ಲೇ ಇಡಿ. ಎರಡು ವಿಷಯ ಕೇಳಿಕೊಂಡು ಆಮೇಲೆ ತೀರ್ಮಾನಿಸಿ.

ಮೊದಲನೆಯದು ಗುಂಡು. ಸೀಸದ ಗುಂಡು ಎಲುಬಿಗೆ ಬಡಿದಾಗ ಕಣ್ಣಿಗೆ ಕಾಣದಷ್ಟು ಚೂರಾಗಿ, ಗಾಯದಿಂದ ಎಷ್ಟೋ ದೂರದ ಮಾಂಸದಲ್ಲೂ ಕೂರುತ್ತದೆ. ಅರೆಯುವ ಯಂತ್ರ ಅದನ್ನು ಇಡೀ ರಾಶಿಗೆ ಹರಡುತ್ತದೆ. ಆದ್ದರಿಂದ ಇಡೀ ತುಂಡಿಗಿಂತ ಕೈಮಾದಲ್ಲೇ ಈ ಭಯ ಜಾಸ್ತಿ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆಂದು ದಾನ ಕೊಟ್ಟ ಜಿಂಕೆ ಕೈಮಾದಲ್ಲಿ ಸೀಸದ ಚೂರು ಸಿಕ್ಕಿ, ಅದನ್ನು ಹಂಚಬೇಡಿ ಅಂತ ಆರೋಗ್ಯ ಇಲಾಖೆ ಹೇಳಬೇಕಾಯಿತು. ಹೊಟ್ಟೆಯಲ್ಲಿರುವ ಮಗುವಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. ತಾಮ್ರದ ಗುಂಡು ಬಳಸಿದ್ದಾರಾ ಕೇಳಿ. ಸೀಸದ್ದು ಅಂದರೆ, ಅಥವಾ ಗೊತ್ತಿಲ್ಲ ಅಂದರೆ, ತಂಗಿಗೆ ಕೊಡಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರಿಗೂ ಬೇಡ.

ಎರಡನೆಯದು ಸಿ.ಡಬ್ಲ್ಯು.ಡಿ. (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅನ್ನುವ ರೋಗ. ಜಿಂಕೆ, ಎಲ್ಕ್‌ಗಳ ಮಿದುಳನ್ನು ತಿಂದುಹಾಕುವ ಈ ರೋಗವನ್ನು ಮೊದಲು ಗಮನಿಸಿದ್ದು 1967ರಲ್ಲಿ, ಕೊಲೊರಾಡೊದಲ್ಲೇ. ನಿಮ್ಮ ವಯೋಮಿಂಗ್‌ನಲ್ಲೂ ಹರಡಿದೆ. ಮನುಷ್ಯರಿಗೆ ಬಂದ ಪ್ರಕರಣ ಇದುವರೆಗೆ ಖಚಿತವಾಗಿಲ್ಲ. ಆದರೆ ಅದಕ್ಕೆ ಕಾರಣವಾದ ಪ್ರಿಯಾನ್ ಅನ್ನುವ ಕೆಟ್ಟ ಪ್ರೋಟೀನ್ ಎಷ್ಟು ಬೇಯಿಸಿದರೂ ಸಾಯುವಂಥದ್ದಲ್ಲ. ರೋಗ ಇರುವ ಪ್ರದೇಶದ ಪ್ರಾಣಿಯನ್ನು ಪರೀಕ್ಷೆ ಮಾಡಿಸಿ, ರೋಗ ಇದೆ ಅಂತ ಬಂದರೆ ತಿನ್ನಬೇಡಿ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿ.ಡಿ.ಸಿ. ಹೇಳುತ್ತದೆ. ಪರೀಕ್ಷೆ ಆಗಿದೆಯಾ, ಫಲಿತಾಂಶ ಬಂತಾ ಕೇಳಿ. ಅಂಗಡಿಯಲ್ಲಿ ಅವರ ಪ್ರಾಣಿಯನ್ನು ಬೇರೆಯಾಗಿಯೇ ಅರೆದರಾ ಅನ್ನುವುದೂ ಮುಖ್ಯ. ನಾಲ್ಕು ಪ್ರಾಣಿಗಳ ಮಾಂಸ ಬೆರೆತಿದ್ದರೆ ಒಂದರ ಪರೀಕ್ಷೆಯಿಂದ ಏನೂ ಹೇಳಲಾಗದು.

ಎರಡಕ್ಕೂ ಸರಿಯಾದ ಉತ್ತರ ಸಿಕ್ಕರೆ, 160 ಡಿಗ್ರಿಗೆ ಪೂರ್ತಿ ಬೇಯಿಸಿ ಧಾರಾಳವಾಗಿ ಕೊಡಿ. ಟಾಕ್ಸೊಪ್ಲಾಸ್ಮಾದಂಥ ಪರೋಪಜೀವಿ ಆ ಬಿಸಿಗೆ ಉಳಿಯುವುದಿಲ್ಲ. ಆದರೆ ಬಸುರಿಗೆ ದಿನಕ್ಕೆ 27 ಮಿಲಿಗ್ರಾಂ ಕಬ್ಬಿಣಾಂಶ ಬೇಕು. 100 ಗ್ರಾಂ ಎಲ್ಕ್ ಕೊಡುವುದು ಮೂರೂ ಚಿಲ್ಲರೆ. ಡಾಕ್ಟರು ಬರೆದ ಮಾತ್ರೆ ಬಿಡಿಸಬೇಡಿ.

ಪ್ರಶ್ನೆ: ನಮ್ಮ ಬೀದಿಯ ಬೇಟೆಗಾರರ ಹತ್ತಿರ ದುಡ್ಡು ಕೊಟ್ಟು ಎಲ್ಕ್ ತಗೊಳ್ಳಬಹುದಾ? — ಓದುಗರು, ಬಾಯ್ಸಿ

ಉತ್ತರ: ಬೇಡ. ಕಾಡಿನ ಎಲ್ಕ್ ಮಾಂಸ ಮಾರುವುದು, ಕೊಳ್ಳುವುದು ಕಾನೂನಿಗೆ ವಿರುದ್ಧ. ಉಡುಗೊರೆಯಾಗಿ ಕೊಟ್ಟರೆ ತಗೊಳ್ಳಿ. ಅಂಗಡಿಯಲ್ಲಿ ಸಿಗುವುದು ಸಾಕಿದ ಎಲ್ಕ್, ಕೆಲವು ನ್ಯೂಜಿಲೆಂಡ್‌ನಿಂದ ಬರುತ್ತವೆ. ಬೆಲೆ ಬೀಫ್‌ಗಿಂತ ಜಾಸ್ತಿಯೇ.

ಪ್ರಶ್ನೆ: ಎಲ್ಕ್‌ನಲ್ಲಿ ಕೈಮಾ ಉಂಡೆ ಸಾರು ಮಾಡಬಹುದಾ? ಕಾಡು ವಾಸನೆ ಬರುತ್ತೆ ಅಂತಾರೆ, ತೊಳೆದರೆ ಹೋಗುತ್ತಾ? — ಓದುಗಿ, ಬೋಜ್‌ಮನ್

ಉತ್ತರ: ಅರೆದ ಮಾಂಸ ತೊಳೆಯಬಾರದು. ರಸ ಹೋಗುತ್ತದೆ, ಸಿಂಕ್ ತುಂಬ ಕ್ರಿಮಿ ಸಿಡಿಯುತ್ತದೆ, ವಾಸನೆ ಅಲ್ಲೇ ಉಳಿಯುತ್ತದೆ. ಚೆನ್ನಾಗಿ ಕೊಬ್ಬು ತೆಗೆದು ಬೇಗ ತಣ್ಣಗೆ ಮಾಡಿದ ಎಲ್ಕ್‌ಗೆ ವಾಸನೆ ಇರುವುದೇ ಕಮ್ಮಿ. ಕುರಿ ಮಾಂಸಕ್ಕಿಂತ ಸೌಮ್ಯ ಅಂತಲೇ ನನ್ನ ಅಭಿಪ್ರಾಯ.

ಉಂಡೆ ಸೊಗಸಾಗಿ ಬರುತ್ತದೆ. ಬರ್ಗರ್‌ಗೆ ಬೇಡ ಅಂದದ್ದೆಲ್ಲ ಇಲ್ಲಿ ಬೇಕು. ಉಪ್ಪನ್ನು ಮೊದಲೇ ಹಾಕಿ, ಅಂಟು ಬರುವ ತನಕ ನಾದಿ. ಒಂದು ಪೌಂಡ್‌ಗೆ ಕಾಲು ಕಪ್ ಹುರಿಗಡಲೆ ಪುಡಿ ಸಾಕು. ಅದು ಉಂಡೆಯನ್ನು ಹಿಡಿದೂ ಇಡುತ್ತದೆ, ರಸವನ್ನೂ ಹೀರಿಟ್ಟುಕೊಳ್ಳುತ್ತದೆ. ಕೊಬ್ಬಿನ ಬದಲಿಗೆ ನುಣ್ಣಗೆ ರುಬ್ಬಿದ ತೆಂಗಿನಕಾಯಿ ಮೂರು ನಾಲ್ಕು ಚಮಚ. ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಕೊತ್ತಂಬರಿ ಸೊಪ್ಪು ನಿಮ್ಮ ಮನೆಯ ಹದದಲ್ಲಿ. ನಿಂಬೆಹಣ್ಣಿಗಿಂತ ಚಿಕ್ಕದಾಗಿ ಕಟ್ಟಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಮಸಾಲೆಯ ಹಸಿವಾಸನೆ ಹೋಗಿ ಸಾರು ಸಣ್ಣಗೆ ಕುದಿಯುವಾಗ ಒಂದೊಂದೇ ಬಿಡಿ. ಕೊಬ್ಬು ಕಮ್ಮಿ ಇರುವುದರಿಂದ ಜೋರು ಕುದಿಗೆ ಬಿರುಕು ಬಿಡುತ್ತವೆ. ಮೊದಲ ಐದು ನಿಮಿಷ ಸೌಟು ಹಾಕಬೇಡಿ. ಪಾತ್ರೆಯ ಕಿವಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಸಾಕು. ಹದಿನೈದು ನಿಮಿಷದ ಹೊತ್ತಿಗೆ ದೊಡ್ಡದೊಂದು ಉಂಡೆ ತೆಗೆದು ಥರ್ಮಾಮೀಟರ್ ಚುಚ್ಚಿ ನೋಡಿ. 160 ಬಂದಿದ್ದರೆ ಒಲೆ ಆರಿಸಿ.