ಅಮ್ಮನ ಹೊಟ್ಟೆ ಹುಣ್ಣಿಗೆ ತಿಮರೆ, ಅತಿಮಧುರ ಸಾಕಾ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 62 ವರ್ಷ. ಮಂಡಿನೋವಿಗೆ ಅಂತ ಮೆಡಿಕಲ್‌ನಿಂದ ತಂದ ನೋವಿನ ಮಾತ್ರೆಯನ್ನು ಆರು ತಿಂಗಳು ನುಂಗಿದರು. ಈಗ ಎಂಡೋಸ್ಕೋಪಿಯಲ್ಲಿ ಹೊಟ್ಟೆಯಲ್ಲಿ ಹುಣ್ಣು ಕಂಡಿದೆ, ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆ ಬರೆದುಕೊಟ್ಟಿದ್ದಾರೆ. ಬಿಪಿ ಮಾತ್ರೆಯೂ ಇದೆ. ದೊಡ್ಡಮ್ಮ ಹುಣ್ಣಿನ ಮಾತ್ರೆ ಬಿಟ್ಟು ಬೆಳಿಗ್ಗೆ ತಿಮರೆ (ಒಂದೆಲಗ) ರಸ, ರಾತ್ರಿ ಅತಿಮಧುರದ ಕಷಾಯ ಕೊಡು ಅನ್ನುತ್ತಾರೆ. ಗಿಡಮೂಲಿಕೆಯ ಸಾರ ಹುಣ್ಣು ತಡೆಯುತ್ತದೆ ಅಂತ ಸಂಶೋಧನೆಯೂ ಆಗಿದೆಯಂತೆ, ಹೌದಾ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಅತಿಮಧುರದ ಕಷಾಯ ಬೇಡವೇ ಬೇಡ, ಶುರು ಮಾಡಿದ್ದರೆ ಇವತ್ತೇ ನಿಲ್ಲಿಸಿ. ಪತ್ರ ಓದುವಾಗ ನನಗೆ ಹೆದರಿಕೆ ಆದದ್ದು ಅಲ್ಲಿಯೇ. ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶ ಮೈಯಲ್ಲಿ ಉಪ್ಪು, ನೀರು ಹಿಡಿದಿಟ್ಟು ಪೊಟ್ಯಾಶಿಯಂ ಹೊರಹಾಕುತ್ತದೆ, ಬಿಪಿ ಏರುತ್ತದೆ. ದಿನಾ ಕುಡಿದರೆ ಕಾಲು ಊದಬಹುದು, ಹೃದಯದ ಬಡಿತವೂ ತಪ್ಪಬಹುದು.

ಹಾಗಂತ ದೊಡ್ಡಮ್ಮ ಸುಮ್ನೆ ಹೇಳಿದ್ದಲ್ಲ. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹೊಟ್ಟೆ ಹುಣ್ಣಿಗೆ ಕೊಡುತ್ತಿದ್ದ ಕಾರ್ಬೆನಾಕ್ಸಲೋನ್ ಎಂಬ ಮಾತ್ರೆ ಹುಟ್ಟಿದ್ದೇ ಅತಿಮಧುರದಿಂದ. ಹುಣ್ಣು ಮಾಯುತ್ತಿತ್ತು, ಆದರೆ ಇದೇ ಬಿಪಿ, ಇದೇ ಊತ. ಅದಕ್ಕಿಂತ ಒಳ್ಳೆಯ ಮಾತ್ರೆಗಳು ಬಂದ ಮೇಲೆ ಅದನ್ನು ಬಿಟ್ಟರು.

ಸಂಶೋಧನೆಯೂ ನಿಜ. ತಿಮರೆ, ಶತಾವರಿ, ಶುಂಠಿ, ಬಾಳೆಕಾಯಿ ಎಲ್ಲದರ ಮೇಲೂ ಆಗಿದೆ. ಆದರೆ ಜಾಸ್ತಿ ನಡೆದದ್ದು ಇಲಿಗಳ ಮೇಲೆ. ಇಲಿಯನ್ನು ಉಪವಾಸ ಇಟ್ಟು, ಮೊದಲು ಗಿಡದ ಸಾರ ಕುಡಿಸಿ, ಆಮೇಲೆ ಆಲ್ಕೋಹಾಲ್ ಅಥವಾ ನೋವಿನ ಔಷಧಿ ಕೊಟ್ಟು ಎಷ್ಟು ಹುಣ್ಣಾಯಿತು ಅಂತ ನೋಡುತ್ತಾರೆ. ಸಾರ ಕುಡಿದ ಇಲಿಗೆ ಹುಣ್ಣು ಕಡಿಮೆ ಬಂದರೆ, ಗಾಯ ಆಗುವ ಮೊದಲೇ ಕೊಟ್ಟಾಗ ಹೊಟ್ಟೆಯ ಗೋಡೆಗೆ ಕಾವಲು ಸಿಕ್ಕಿತು ಅಂತ ಮಾತ್ರ ಅರ್ಥ. ಅಮ್ಮನಿಗೆ ಹುಣ್ಣು ಆಗಿಬಿಟ್ಟಿದೆ, ಅಲ್ವಾ? ಅಲ್ಲದೆ ಪ್ರಯೋಗದಲ್ಲಿ ಇಲಿಯ ತೂಕ ನೋಡಿ ಅಳತೆ ಮಾಡಿ ಕೊಡುವ ಗಟ್ಟಿ ಸಾರಕ್ಕೂ ನಾವು ಮಿಕ್ಸಿಯಲ್ಲಿ ಅರೆಯುವ ಒಂದು ಹಿಡಿ ಎಲೆಗೂ ಲೆಕ್ಕ ತಾಳೆಯಾಗುವುದಿಲ್ಲ.

ತಿಮರೆ ಚಟ್ನಿ, ತಂಬುಳಿ ಊಟಕ್ಕೆ ಧಾರಾಳವಾಗಿ ಮಾಡಿ, ಖಾರ ಕಡಿಮೆ ಇರಲಿ. ಪುನರ್ಪುಳಿ (ಕೋಕಂ) ಶರಬತ್ತು ಕುಡಿದಾಗ ಉರಿದರೆ ಸದ್ಯ ಬೇಡ. ಆದರೆ ಪ್ಯಾಂಟೊಪ್ರಜೋಲ್ ನಿಲ್ಲಿಸಬೇಡಿ, ಹೇಳಿದಷ್ಟು ವಾರ ತಿಂಡಿಗೆ ಅರ್ಧ ಗಂಟೆ ಮೊದಲು ಕೊಡಿ.

ನಿಜವಾಗಿ ಬಿಡಿಸಬೇಕಾದದ್ದು ಆ ನೋವಿನ ಮಾತ್ರೆ. ಹೊಟ್ಟೆಯ ಒಳಪದರವನ್ನು ಕಾಯುವ ಲೋಳೆಯನ್ನು ಅದು ಕಡಿಮೆ ಮಾಡುತ್ತದೆ. ಮಂಡಿಗೆ ಬೇರೆ ಏನು ಕೊಡಬಹುದು ಅಂತ ಡಾಕ್ಟರನ್ನೇ ಕೇಳಿ, ಮೆಡಿಕಲ್‌ನವರನ್ನಲ್ಲ.

ಇನ್ನೊಂದು, ಎಚ್. ಪೈಲೊರಿ ಪರೀಕ್ಷೆ ಆಗಿದೆಯಾ? ಹುಣ್ಣಿಗೆ ಈ ರೋಗಾಣು ಕಾರಣ ಅಂತ ತೋರಿಸಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ರೋಗಾಣು ಇದ್ದರೆ ಆಂಟಿಬಯೋಟಿಕ್ ಬೇಕೇ ಬೇಕು, ಸಾಮಾನ್ಯವಾಗಿ 14 ದಿನ. ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುವಾಗ ಈ ಪರೀಕ್ಷೆ ಮಾಡಿದರೆ ರೋಗಾಣು ಇದ್ದರೂ ಇಲ್ಲ ಅಂತ ಬರಬಹುದು. ಹಾಗಾಗಿ ಯಾವಾಗ ಮಾಡಿಸಬೇಕು ಅಂತ ಕೇಳಿಯೇ ಹೋಗಿ.

ಮಲ ಟಾರಿನ ಹಾಗೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ತಲೆಸುತ್ತಿ ಬಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.